ಸವೆದ ಷಾಕ್ ಅಬ್ಸಾರ್ಬರೂ ಹದಿನೈದು ವರ್ಷದ ಕಾರೂ

ಜಯನಗರದಲ್ಲೋ ಜೆ.ಪಿ. ನಗರದಲ್ಲೋ ನೆಲೆಸಿದ ಮಕ್ಕಳು ಹೊಸ ಕಾರು ಕೊಂಡಾಗ ಹಳೆಯದು ತೋಟಕ್ಕೆ ಬರುವುದು ನಮ್ಮ ಬೆಳೆಗಾರರ ಮನೆಗಳಲ್ಲಿ ವಾಡಿಕೆ. ಪೇಟೆಯ ಟಾರು ರಸ್ತೆಯಲ್ಲಿ ಓಡಿದ ಕೆಎ-05 ನಂಬರಿನ ಗಾಡಿ ತೋಟದ ಕೊರಕಲು ದಾರಿಗೆ ಬಿದ್ದ ಮೇಲೆ ಷಾಕ್ ಅಬ್ಸಾರ್ಬರ್ ಬೇಗ ಸೋಲುತ್ತದೆ. ಅಷ್ಟರಲ್ಲಿ ನೋಂದಣಿಯ ಅವಧಿಯೂ ತುಂಬಿ, ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸುವ ಕಾಲ ಬಂದಿರುತ್ತದೆ.

ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಒಮ್ಮೆ ಕುಗ್ಗಿದ ಸ್ಪ್ರಿಂಗು ತೂಗಿಬಿಟ್ಟ ತೊಟ್ಟಿಲಿನಂತೆ ಆಡುತ್ತಲೇ ಇರುತ್ತದೆ. ಕೊಳವೆಯೊಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕಿ, ಆ ಕುಣಿತವನ್ನು ಶಾಖವಾಗಿ ಕರಗಿಸುವುದೇ ಷಾಕ್ ಅಬ್ಸಾರ್ಬರಿನ ಕೆಲಸ. ಸೀಲು ಸವೆದು ಎಣ್ಣೆ ಸೋರಿತೆಂದರೆ ಚಕ್ರ ಕುಪ್ಪಳಿಸತೊಡಗುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿದು ಫಲವಿಲ್ಲ. ಮಳೆಗಾಲದ ಘಾಟಿಯಲ್ಲಿ ಇದರ ಪರಿಣಾಮವೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿರಿ. ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಕೆಟ್ಟಿದೆಯೆಂದೇ ತಿಳಿಯಿರಿ. ಜೀಪು, ಪಿಕಪ್ಪುಗಳಲ್ಲಿ ಈ ಪರೀಕ್ಷೆಯನ್ನು ನಂಬಕೂಡದು. ಪ್ಲೇಟು ಸ್ಪ್ರಿಂಗಿನ ಪಟ್ಟಿಗಳು ಒಂದಕ್ಕೊಂದು ಉಜ್ಜಿ ತಾವೇ ಕುಣಿತ ತಡೆಯುವುದರಿಂದ ಸತ್ತ ಷಾಕ್ ಅಬ್ಸಾರ್ಬರೂ ಬದುಕಿರುವಂತೆ ಕಾಣುತ್ತದೆ. ಕೆಳಗೆ ಬಗ್ಗಿ ನೋಡುವುದೇ ಮೇಲು. ಕೊಳವೆಯ ಮೇಲೆ ತೆಳುವಾದ ಜಿಡ್ಡಿದ್ದರೆ ಗಾಬರಿ ಬೇಡ, ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಬದಲಿಸಲೇಬೇಕು. ಟೈರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ಬಟ್ಟಲಿನಂತೆ ಸವೆದಿರುವುದೂ ಒಂದು ಗುರುತು. ಬರೀ ಗಡಗಡ ಸದ್ದಾದರೆ ಮೊದಲು ರಬ್ಬರ್ ಬುಷ್ ನೋಡಿಸಿರಿ. ಅಲ್ಪ ಖರ್ಚಿನಲ್ಲೇ ಮುಗಿದೀತು.

ಬದಲಿಸುವಾಗ ಎಡಬಲ ಎರಡನ್ನೂ ಜೊತೆಯಲ್ಲೇ ಬದಲಿಸತಕ್ಕದ್ದು. ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಷಾಕ್ ಅಬ್ಸಾರ್ಬರ್ ಸ್ಪ್ರಿಂಗಿನೊಳಗೇ ಕೂತಿರುತ್ತದೆ. ಅದುಮಿಟ್ಟ ಆ ಸ್ಪ್ರಿಂಗು ಸಿಡಿದರೆ ಪ್ರಾಣಾಪಾಯ. ತೋಟದ ಶೆಡ್ಡಿನಲ್ಲಿ ಬಿಚ್ಚುವ ಸಾಹಸ ಬೇಡ. ಕೆಲಸವಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿರಿ. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವವರು ಬಣ್ಣ ಬಳಿದ ಹಳೆಯ ಮಾಲಿಗೆ ಮರುಳಾಗದೆ ಬಿಲ್ಲು ಕೇಳಿ ಪಡೆಯಬೇಕು.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯಂತೆ ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ. ತರುವಾಯ 5 ವರ್ಷಕ್ಕೊಮ್ಮೆ ನವೀಕರಣ. ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲಿ, ಗಾಡಿ ಇರುವ ಪ್ರದೇಶದ ಆರ್.ಟಿ.ಓ. ಕಚೇರಿಗೆ ನಮೂನೆ 25ರಲ್ಲಿ ಅರ್ಜಿ ಹಾಕಬೇಕು. ಗಾಡಿ ತೀರ್ಥಹಳ್ಳಿಯಲ್ಲಿದ್ದು ಆರ್.ಸಿ.ಯಲ್ಲಿ ಮಗನ ಹೆಸರು, ಜಯನಗರದ ವಿಳಾಸ ಉಳಿದಿದ್ದರೆ ತೊಡಕು ತಪ್ಪದು. ನೀವೇ ಮಾಲೀಕರಾಗಿದ್ದರೆ ವರ್ಗಾವಣೆಗೆ ಕಾಯಿದೆ ಕೊಡುವ ಕಾಲ 30 ದಿನ. ಮನೆಯೊಳಗಿನ ವ್ಯವಹಾರವೆಂದು ಅನೇಕರು ಇದನ್ನು ಕಡೆಗಣಿಸುತ್ತಾರೆ. ಬಾಡಿಗೆಗೆ ಓಡುವ ಪಿಕಪ್ಪಿನ ಲೆಕ್ಕ ಬೇರೆ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್.ಸಿ.

ಯಾಂತ್ರಿಕ ದೋಷವಿರುವ ಗಾಡಿಯ ನವೀಕರಣವನ್ನು ನಿರಾಕರಿಸಲು 45ನೇ ಕಲಮಿನಲ್ಲಿ ಅಧಿಕಾರವಿದೆ. ಹಾಗೆ ನಿರಾಕರಿಸಿದರೆ ಕಾರಣ ಸಹಿತ ಆದೇಶದ ಪ್ರತಿಯನ್ನು ಅರ್ಜಿದಾರನಿಗೆ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಬಾಯಿಮಾತಿಗೆ ಹಿಂತಿರುಗದೆ ಪ್ರತಿಯನ್ನು ಕೇಳಿ ಪಡೆದು, ಅದನ್ನೇ ಮೆಕ್ಯಾನಿಕ್ಕಿಗೆ ತೋರಿಸಿ ಕೆಲಸ ಮಾಡಿಸಿರಿ.