ನಿಮಗಿದು ಗೊತ್ತೆ? ನಾಲ್ವರಲ್ಲಿ ಒಬ್ಬರ ಹೃದಯಕ್ಕೆ ಕಿಂಡಿ!

ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸಂತೆಯಲ್ಲಿ ಎದುರಾದ ನಾಲ್ವರಲ್ಲಿ ಸುಮಾರು ಒಬ್ಬರ ಹೃದಯದಲ್ಲಿ ಪುಟ್ಟ ಕಿಂಡಿ ಇರುತ್ತದೆ. ಬಹುತೇಕರಿಗೆ ಅದು ಗೊತ್ತೇ ಇರುವುದಿಲ್ಲ. ಜಗತ್ತಿನಲ್ಲೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕ.

ತಾಯಿಯ ಹೊಟ್ಟೆಯಲ್ಲಿ ಮಗು ಉಸಿರಾಡುವುದಿಲ್ಲವಲ್ಲ, ಆಗ ರಕ್ತ ಹೃದಯದ ಬಲದಿಂದ ಎಡಕ್ಕೆ ದಾಟುವುದು ಈ ಕಿಂಡಿಯಿಂದಲೇ. ಹುಟ್ಟಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೂ ಹೆಚ್ಚಿನವರಿಗೆ ಏನೂ ಆಗದು. ಅಪರೂಪಕ್ಕೆ ಮಾತ್ರ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಇಲ್ಲಿಂದ ನುಸುಳಿ ಮಿದುಳು ಸೇರುತ್ತದೆ. ಲಕ್ವ ಹೊಡೆಯುತ್ತದೆ.

ಕಿಂಡಿಯ ಪತ್ತೆಗೆ ಗುಳ್ಳೆ ಪರೀಕ್ಷೆ ಇದೆ. ಸಲೈನ್ ಕಲಕಿ ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಕೆಲವೇ ಬಡಿತಗಳಲ್ಲಿ ಗುಳ್ಳೆಗಳು ಹೃದಯದ ಎಡಭಾಗಕ್ಕೆ ಬಂದರೆ ಎಕೋ ಪರದೆಯಲ್ಲಿ ಗುಟ್ಟು ರಟ್ಟು! ಮುಚ್ಚಲು ಎದೆ ಸೀಳಬೇಕಿಲ್ಲ. ತೊಡೆಸಂದಿಯ ರಕ್ತನಾಳದ ಮೂಲಕ ನಿಟಿನಾಲ್ ಎಂಬ ಮಿಶ್ರಲೋಹದ ತಂತಿಯ ಬಲೆಯನ್ನು ಮಡಚಿ ಕಳಿಸುತ್ತಾರೆ. ಅದು ಒಳಗೆ ಬಿಚ್ಚಿಕೊಂಡು ಟಿಚ್ ಬಟನ್ನಿನಂತೆ ಎರಡೂ ಬದಿಯಿಂದ ಕಚ್ಚಿಕೊಳ್ಳುತ್ತದೆ.

ಇದರಿಂದ ಮತ್ತೆ ಲಕ್ವ ಹೊಡೆಯುವ ಸಾಧ್ಯತೆ ತಗ್ಗುತ್ತದೆಂದು 2017ರಲ್ಲಿ ಒಟ್ಟಿಗೇ ಪ್ರಕಟವಾದ 3 ಅಧ್ಯಯನಗಳು ತೋರಿಸಿದವು. ಮುಖ್ಯವಾಗಿ, ಬೇರೆ ಕಾರಣ ಸಿಗದೆ ಲಕ್ವ ಹೊಡೆದ 60ರೊಳಗಿನವರಿಗೆ ಈ ಚಿಕಿತ್ಸೆ. ಲಕ್ವವೇ ಆಗದವರು ಬರೀ ಕಿಂಡಿಗೆ ಹೆದರಿ ಮುಚ್ಚಿಸಿಕೊಳ್ಳಬೇಕಿಲ್ಲ.