ಗುಡುಗಿಗೆ ಹೆದರುವ ಮಗುವಿಗೆ ಎಣಿಸಲು ಕಲಿಸಿ

ಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ಮಳೆಯ ಸದ್ದು ಗೊತ್ತಿಲ್ಲದ ಮನೆ ಇಲ್ಲ. ಹಂಚಿನ ಮಾಡಿಗೆ ಬೀಳುವ ಮಳೆ ಒಂದು ಮಗುವಿಗೆ ಜೋಗುಳವಾದರೆ, ತಗಡಿನ ಶೀಟಿಗೆ ಬೀಳುವ ಅದೇ ಮಳೆ ಇನ್ನೊಂದಕ್ಕೆ ನಡುಕ. ಗುಡುಗಿದರೆ ಕೆಲವು ಮಕ್ಕಳು ಕುಣಿಯುತ್ತವೆ, ಕೆಲವು ಉಮ್ಮನ ಮಡಿಲು ಸೇರುತ್ತವೆ. "ಇಷ್ಟು ದೊಡ್ಡವ ಆಗಿದ್ದೀ, ಹೆದರುವುದು ಎಂತಕ್ಕೆ?" ಎಂದು ನಾವು ನಗುತ್ತೇವೆ. ಇದರಿಂದ ಹೆದರಿಕೆ ಹೋಗುವುದಿಲ್ಲ. ಮಗು ಅದನ್ನು ಹೇಳುವುದನ್ನು ಬಿಡುತ್ತದೆ, ಅಷ್ಟೆ.

ದಿಢೀರ್ ದೊಡ್ಡ ಶಬ್ದ ಕೇಳಿದಾಗ ಎದೆಬಡಿತ ಏರುವುದು, ಮೈ ಬಿಗಿಯಾಗುವುದು ದೇಹದ ಸಹಜ ರಕ್ಷಣೆ. ದೊಡ್ಡವರಿಗೂ ಹಾಗೆ ಆಗುತ್ತದೆ. ಶಬ್ದ ಎಲ್ಲಿಂದ ಬಂತೆಂದು ನಮಗೆ ಗೊತ್ತಿರುತ್ತದೆ, ಮಗುವಿಗೆ ಗೊತ್ತಿರುವುದಿಲ್ಲ.

ಹಾಗಾಗಿ ಗೊತ್ತು ಮಾಡಿಸಿ. ಮಿಂಚು ಕಂಡ ಕೂಡಲೇ ಮನೆಯೊಳಗೆ ಕೂತು ಒಂದು, ಎರಡು, ಮೂರು ಎಂದು ಒಟ್ಟಿಗೆ ಎಣಿಸಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಅಂದರೆ 3 ಸೆಕೆಂಡಿಗೆ ಸುಮಾರು 1 ಕಿ.ಮೀ. ಗುಡುಗು ಕೇಳುವಾಗ ಎಣಿಕೆ 9 ಆಗಿದ್ದರೆ ಸಿಡಿಲು ಸುಮಾರು 3 ಕಿ.ಮೀ. ದೂರದಲ್ಲಿ ಬಿದ್ದಿದೆ. ಲೆಕ್ಕ ಸಿಕ್ಕಿದಾಗ ಹೆದರಿಕೆಗೂ ಒಂದು ಹಿಡಿತ ಬರುತ್ತದೆ. ಎಣಿಕೆ 30 ಆಗುವ ಮೊದಲೇ ಗುಡುಗಿದರೆ ಅಂಗಳಕ್ಕೆ ಇಳಿಯಬಾರದು ಎಂಬುದನ್ನೂ ಕಲಿಸಿ.

ಮಳೆ ಇಲ್ಲದ ದಿನ ಸಂಜೆ ಚಾಯದ ಹೊತ್ತಿಗೆ ಇನ್ನೊಂದು ಆಟ ಆಡಬಹುದು. ಎಲ್ಲರೂ ಎರಡು ನಿಮಿಷ ಕಣ್ಣು ಮುಚ್ಚಿ ಕೂರಿ. ಕುಕ್ಕರಿನ ಸೀಟಿ, ಬಸ್ಸಿನ ಹಾರ್ನ್, ಮಸೀದಿಯ ಬಾಂಗ್, ಪಕ್ಕದ ಮನೆಯ ನಾಯಿ... ಏನೇನು ಕೇಳಿತು? ಕೇಳಿದಾಗ ಎಂತ ಆಯ್ತು? ಎದೆಯಲ್ಲೋ, ಹೊಟ್ಟೆಯಲ್ಲೋ? ಉತ್ತರವನ್ನು ತಿದ್ದಬೇಡಿ. ಗಲ್ಫಿನಿಂದ ಉಪ್ಪನ ಫೋನ್ ರಿಂಗಾದರೆ ಅಣ್ಣನಿಗೆ ಖುಷಿ, ತಂಗಿಗೆ ಅಳು ಬರಬಹುದು. ಎರಡೂ ಸರಿಯೇ. ಮಿಕ್ಸಿಗೆ ಬೆಚ್ಚಿಬೀಳುವ ಮಗುವಿಗೆ ಮೊದಲೇ ಹೇಳಿ, ನೀವು ಪಕ್ಕದಲ್ಲಿದ್ದು ಸ್ವಿಚ್ ಅದರ ಕೈಯಲ್ಲೇ ಹಾಕಿಸಿ.

ಆದರೆ ಸಣ್ಣ ಸದ್ದಿಗೂ ಸದಾ ಕಿವಿ ಮುಚ್ಚಿಕೊಳ್ಳುವ, ಹೆಸರು ಕರೆದರೂ ತಿರುಗದ, ಮಾತು ತಡವಾದ ಮಗುವನ್ನು ಹಠಮಾರಿ ಎಂದು ಬಿಡಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯ ಪರೀಕ್ಷೆಗೆ ನಮಗೆ ಮಣಿಪಾಲ ದೂರವೇನಲ್ಲ.

ಈ ಆಟದಲ್ಲಿ ಒಂದು ದಿನ ಮಗು, "ನೀವು ಜೋರು ಮಾಡುವಾಗ ಹೊಟ್ಟೆ ನೋಯ್ತದೆ" ಅನ್ನಲೂಬಹುದು. ಸಿಟ್ಟಾಗಬೇಡಿ, ನಗಲೂ ಬೇಡಿ. ಮನೆಯಲ್ಲಿ ಅದು ದಿನವಿಡೀ ಕೇಳುವ ಶಬ್ದ ನಮ್ಮ ಸ್ವರವೇ. ಗುಡುಗನ್ನು ತಗ್ಗಿಸಲು ನಮ್ಮಿಂದ ಆಗದು, ಇದನ್ನು ತಗ್ಗಿಸಬಹುದು.