ನೋವಿನ ನಂಬಿಕೆಗಳ ಅಳತೆ: ಭೌತಚಿಕಿತ್ಸಕರ ಪ್ರಶ್ನಾವಳಿಯ ತುರ್ಕಿ ರೂಪಾಂತರ

ದೀರ್ಘಕಾಲದ ಸೊಂಟನೋವಿನಿಂದ ಬಳಲುವ ರೋಗಿಗೆ ದೊರೆಯುವ ಸಲಹೆಯು ಅವನ ದೇಹಸ್ಥಿತಿಯೊಂದನ್ನೇ ಅವಲಂಬಿಸಿರುವುದಿಲ್ಲ. ಭೌತಚಿಕಿತ್ಸಕರು ನೋವನ್ನು ಹೇಗೆ ಗ್ರಹಿಸಿದ್ದಾರೆ ಎಂಬುದೂ ಅದನ್ನು ನಿರ್ಧರಿಸುತ್ತದೆ. ನೋವೆಂದರೆ ಅಂಗಾಂಶಕ್ಕೆ ಒದಗಿದ ಹಾನಿಯ ಸೂಚನೆ ಎಂದು ದೃಢವಾಗಿ ನಂಬಿದವರು ವಿಶ್ರಾಂತಿಯ ಕಡೆಗೆ ವಾಲುತ್ತಾರೆ. ಭಯ, ದುಡಿಮೆಯ ಒತ್ತಡ, ಕುಟುಂಬದ ಪರಿಸ್ಥಿತಿ ಇವೆಲ್ಲವೂ ನೋವನ್ನು ರೂಪಿಸುತ್ತವೆ ಎಂದು ತಿಳಿದವರು ನೋವಿದ್ದರೂ ಹಂತಹಂತವಾಗಿ ಚಟುವಟಿಕೆಗೆ ಮರಳಲು ಉತ್ತೇಜಿಸುತ್ತಾರೆ. ಮೊದಲನೆಯದು ಜೈವಿಕ-ವೈದ್ಯಕೀಯ ದೃಷ್ಟಿ. ಎರಡನೆಯದು 1977ರಲ್ಲಿ ಜಾರ್ಜ್ ಎಂಗೆಲ್ ಪ್ರತಿಪಾದಿಸಿದ ಜೈವಿಕ-ಮನೋ-ಸಾಮಾಜಿಕ ಮಾದರಿಗೆ ಸಮೀಪವಾದುದು. ಚಿಕಿತ್ಸಕರ ಭಯವು ರೋಗಿಯ ಭಯವಾಗಿ ಬೆಳೆಯಬಲ್ಲುದಾದ್ದರಿಂದ ಈ ನಂಬಿಕೆಗಳನ್ನು ಅಳೆಯುವ ಸಾಧನವೊಂದು ಅಗತ್ಯವೆನಿಸಿತು.

ಅಂತಹ ಪ್ರಶ್ನಾವಳಿಯನ್ನು ನೆದರ್ಲೆಂಡ್ಸ್‌ನ ಆಸ್ಟೆಲೊ ಮತ್ತು ಸಹಸಂಶೋಧಕರು 2003ರಲ್ಲಿ ಪ್ರಕಟಿಸಿದರು. 2005ರಲ್ಲಿ ಹೌಬೆನ್ ಮತ್ತು ಸಂಗಡಿಗರು ಅದನ್ನು ಪರಿಷ್ಕರಿಸಿ 19 ಹೇಳಿಕೆಗಳ ರೂಪಕ್ಕೆ ತಂದರು. ಅವುಗಳಲ್ಲಿ 10 ಜೈವಿಕ-ವೈದ್ಯಕೀಯ ದೃಷ್ಟಿಯನ್ನೂ 9 ಎರಡನೆಯ ದೃಷ್ಟಿಯನ್ನೂ ಅಳೆಯುತ್ತವೆ. ಪ್ರತಿ ಹೇಳಿಕೆಗೂ ‘ಸಂಪೂರ್ಣ ಅಸಮ್ಮತಿ’ಯಿಂದ ‘ಸಂಪೂರ್ಣ ಸಮ್ಮತಿ’ಯವರೆಗೆ ಆರು ಮೆಟ್ಟಿಲುಗಳಿವೆ. ಎರಡು ವಿಭಾಗಗಳ ಅಂಕಗಳನ್ನು ಪ್ರತ್ಯೇಕವಾಗಿಯೇ ಕೂಡಿಸಲಾಗುತ್ತದೆ. ಒಬ್ಬರೇ ಚಿಕಿತ್ಸಕರು ಎರಡರಲ್ಲಿಯೂ ಹೆಚ್ಚು ಅಂಕ ಪಡೆಯುವುದು ಸಾಧ್ಯ.

ಇಂತಹ ಸಾಧನವನ್ನು ಬೇರೊಂದು ಭಾಷೆಗೆ ತರಲು ಡಾರ್ಕಸ್ ಬೀಟನ್ ಮತ್ತು ಸಹಲೇಖಕರು 2000ದಲ್ಲಿ ಸೂಚಿಸಿದ ಕ್ರಮವು ವ್ಯಾಪಕ ಮನ್ನಣೆ ಪಡೆದಿದೆ. ವಿಷಯವನ್ನು ಬಲ್ಲ ಒಬ್ಬರು, ಬಲ್ಲದ ಒಬ್ಬರು ಬೇರೆಬೇರೆಯಾಗಿ ಅನುವಾದಿಸುತ್ತಾರೆ. ಎರಡನ್ನೂ ಸಮನ್ವಯಗೊಳಿಸಿದ ಪಾಠವನ್ನು, ಮೂಲವನ್ನು ನೋಡದ ಇಬ್ಬರು ಮೂಲಭಾಷೆಗೆ ಮರಳಿ ತರುತ್ತಾರೆ. ತಜ್ಞರ ಸಮಿತಿಯು ಎಲ್ಲವನ್ನೂ ತೂಗಿ ನೋಡಿದ ಬಳಿಕ 30ರಿಂದ 40 ಜನರ ಮೇಲೆ ಪೂರ್ವಪರೀಕ್ಷೆ ನಡೆಯುತ್ತದೆ. ಅವರು ಏನು ಉತ್ತರಿಸಿದರು ಎಂಬುದರೊಂದಿಗೆ ಹೇಳಿಕೆಯನ್ನು ಏನೆಂದು ಅರ್ಥೈಸಿದರು ಎಂಬುದನ್ನೂ ವಿಚಾರಿಸಲಾಗುತ್ತದೆ.

ತುರ್ಕಿ ಭಾಷೆಯಲ್ಲಿ ಈ ವಿಚಾರಣೆ ಏಕೆ ಅನಿವಾರ್ಯವೆಂಬುದು ಪದಗಳ ಹಂತದಲ್ಲಿಯೇ ಸ್ಪಷ್ಟವಾಗುತ್ತದೆ. ನೋವಿಗೆ ಆ ಭಾಷೆಯಲ್ಲಿ ಹಲವು ಪದಗಳಿವೆ. ವೈದ್ಯಕೀಯದಲ್ಲಿ ರೂಢವಾದುದು ‘ಆರಿ’. ‘ಅಜಿ’ ಎಂಬುದು ತೀಕ್ಷ್ಣವಾದ ನೋವಿಗೆ ಸಲ್ಲುವುದಲ್ಲದೆ ಕಹಿರುಚಿಗೂ ಮನೋವ್ಯಥೆಗೂ ಸಲ್ಲುತ್ತದೆ. ‘ಸಿಝಿ’ ಒಳಗೊಳಗೇ ಮಿಡಿಯುವ ನೋವು. ‘ಸಂಜಿ’ ಹೊಟ್ಟೆಯ ನುಲಿತಕ್ಕೂ ಹೆರಿಗೆಯ ಬೇನೆಗೂ ಬಳಕೆಯಾಗುವ ಪದ. ದೇಹದ ಹಾನಿಯನ್ನು ಕುರಿತ ಹೇಳಿಕೆಯಲ್ಲಿ ‘ಅಜಿ’ ಬಂದರೆ ಓದುಗನ ಮನಸ್ಸು ಅಳಲಿನ ಕಡೆಗೆ ಹರಿಯುವ ಸಂಭವವಿದೆ. ದೇಹದ ಭಾಗವೂ ಹೀಗೆಯೇ. ಇಂಗ್ಲಿಷಿನ ಒಂದೇ ಪದವು ಬೆನ್ನನ್ನೂ ಸೊಂಟವನ್ನೂ ಸೂಚಿಸಿದರೆ, ತುರ್ಕಿ ಭಾಷೆಯು ಬೆನ್ನಿನ ಮೇಲ್ಭಾಗಕ್ಕೆ ‘ಸಿರ್ತ್’, ಸೊಂಟಕ್ಕೆ ‘ಬೆಲ್’ ಎಂದು ಬೇರ್ಪಡಿಸುತ್ತದೆ. ‘ನಂಬಿಕೆ’ಗೆ ಸಲ್ಲುವ ‘ಇನಾಂಚ್’ ಪದವು ಧಾರ್ಮಿಕ ಶ್ರದ್ಧೆಯನ್ನೂ ಸೂಚಿಸುವುದರಿಂದ ಪ್ರಶ್ನಾವಳಿಯ ಆರಂಭದ ಸೂಚನೆಯಲ್ಲಿಯೇ ಅದರ ವ್ಯಾಪ್ತಿ ಸ್ಪಷ್ಟವಾಗಬೇಕು.

ಪದಗಳಿಗಿಂತ ಸೂಕ್ಷ್ಮವಾದುದು ಕ್ರಿಯಾಪದದ ಕೊನೆ. ವಾಕ್ಯಾಂತ್ಯದ ‘ದಿರ್’ ಪ್ರತ್ಯಯವು ಶಾಸ್ತ್ರಬದ್ಧ ಬರಹದಲ್ಲಿ ಹೇಳಿಕೆಗೆ ನಿಶ್ಚಯದ ಬಲ ಕೊಡುತ್ತದೆ. ‘ಎಬಿಲಿರ್’ ಸಂಭವವನ್ನಷ್ಟೇ ಸೂಚಿಸುತ್ತದೆ. ನೋವು ಹಾನಿಯ ಗುರುತು ‘ಆಗಿದೆ’ ಎಂಬುದನ್ನು ನಿರಾಕರಿಸುವ ಚಿಕಿತ್ಸಕರೇ ಅದು ಗುರುತು ‘ಆಗಿರಬಹುದು’ ಎಂಬುದನ್ನು ಒಪ್ಪಿಯಾರು. ಆಗ ಅಂಕ ಬದಲಾಗುವುದು ಅವರ ನಂಬಿಕೆ ಬದಲಾದುದರಿಂದಲ್ಲ, ಪ್ರತ್ಯಯ ಬದಲಾದುದರಿಂದ. ನಿಷೇಧವೂ ಸಾಮಾನ್ಯವಾಗಿ ಕ್ರಿಯಾಪದದೊಳಗೇ ಅಡಗಿ ವಾಕ್ಯದ ಕೊನೆಯಲ್ಲಿ ಬರುವುದರಿಂದ, ನಿಷೇಧಾತ್ಮಕ ಹೇಳಿಕೆಗೆ ‘ಅಸಮ್ಮತಿ’ ಸೂಚಿಸುವಾಗ ಗೊಂದಲ ಸುಲಭವಾಗಿ ಉಂಟಾಗುತ್ತದೆ.

ಪಾಠ ಸಿದ್ಧವಾದ ಮೇಲೆ ಸಂಖ್ಯಾಶಾಸ್ತ್ರದ ಪರೀಕ್ಷೆಗಳು ಆರಂಭವಾಗುತ್ತವೆ. ಹೇಳಿಕೆಗಳ ಆಂತರಿಕ ಹೊಂದಾಣಿಕೆಯನ್ನು ಕ್ರಾನ್‌ಬಾಕ್ 1951ರಲ್ಲಿ ಮಂಡಿಸಿದ ಆಲ್ಫಾ ಗುಣಾಂಕದಿಂದಲೂ, ಉತ್ತರಗಳ ಸ್ಥಿರತೆಯನ್ನು ಕೆಲವು ದಿನಗಳ ಬಳಿಕದ ಮರುಪರೀಕ್ಷೆಯಿಂದಲೂ, ಎರಡು ವಿಭಾಗಗಳ ರಚನೆಯನ್ನು ಅಂಶ ವಿಶ್ಲೇಷಣೆಯಿಂದಲೂ ಪರಿಶೀಲಿಸಲಾಗುತ್ತದೆ. ಜೈವಿಕ-ಮನೋ-ಸಾಮಾಜಿಕ ವಿಭಾಗದ ಹೊಂದಾಣಿಕೆ ಹಲವು ಭಾಷೆಗಳಲ್ಲಿ ದುರ್ಬಲವಾಗಿಯೇ ಕಂಡುಬಂದಿದೆ. ಆದಕಾರಣ ತುರ್ಕಿ ರೂಪದಲ್ಲಿ ಕಡಿಮೆ ಗುಣಾಂಕ ಬಂದರೆ ಅನುವಾದಕರನ್ನೇ ಹೊಣೆ ಮಾಡುವುದು ತರವಲ್ಲ. ದೋಷ ಮೂಲಸಾಧನದಲ್ಲಿಯೂ ಇರಬಹುದು. ಅದೇ ರೀತಿ, ಗುಣಾಂಕ ಹೆಚ್ಚಿದ ಮಾತ್ರಕ್ಕೆ ಅರ್ಥ ಸರಿಯಾಗಿ ಸಂದಿದೆ ಎನ್ನುವಂತಿಲ್ಲ: ಎಲ್ಲರೂ ಒಂದೇ ಬಗೆಯಲ್ಲಿ ತಪ್ಪಾಗಿ ಗ್ರಹಿಸಿದರೂ ಉತ್ತರಗಳು ಪರಸ್ಪರ ಹೊಂದಿಕೊಳ್ಳುತ್ತವೆ.

ತುರ್ಕಿಯಲ್ಲಿ ಭೌತಚಿಕಿತ್ಸೆಯ ಉನ್ನತ ಶಿಕ್ಷಣವು 1960ರ ದಶಕದಲ್ಲಿ ಅಂಕಾರಾದ ಹಾಜೆತ್ತೆಪೆಯಲ್ಲಿ ಆರಂಭವಾಯಿತು. ಬೋಧನೆಯು ವಿದ್ಯಾರ್ಥಿಗಳ ದೃಷ್ಟಿಯನ್ನು ಬದಲಿಸುತ್ತಿದೆಯೇ ಎಂದು ತಿಳಿಯಲು ನೆಚ್ಚಬಹುದಾದ ಅಳತೆಗೋಲು ಬೇಕು. ಅನುವಾದವು ತಪ್ಪಿದರೆ ಭಾಷೆಯ ದೋಷವು ಚಿಕಿತ್ಸಕರ ಅಜ್ಞಾನವೆಂದು ದಾಖಲಾಗುತ್ತದೆ. ತರಬೇತಿಯು ಇಲ್ಲದ ಕೊರತೆಯನ್ನು ತುಂಬಲು ಹೊರಟು ಇರುವ ಕೊರತೆಯನ್ನು ಹಾಗೆಯೇ ಬಿಡುತ್ತದೆ. ಕ್ರಿಯಾಪದವನ್ನು ಕೊನೆಯಲ್ಲಿರಿಸಿ, ಪ್ರತ್ಯಯಗಳಲ್ಲಿ ನಿಶ್ಚಯ ಮತ್ತು ಸಂಭವಗಳನ್ನು ಅಡಗಿಸುವ, ಬೆನ್ನು-ಸೊಂಟಗಳನ್ನು ಬೇರೆಯಾಗಿ ಹೆಸರಿಸುವ ಕನ್ನಡಕ್ಕೂ ಈ ಎಚ್ಚರಿಕೆಗಳು ಬಹುಮಟ್ಟಿಗೆ ಅನ್ವಯಿಸುತ್ತವೆ.